ವಶೀಲಿಯಲ್ಲ, ದಾರಿ: ಹಿರಿಯರ ಮಾರ್ಗದರ್ಶನ ಕೇಳುವ ಕ್ರಮ



ಅಡಿಕೆಯ ಎಳೆಗಾಯಿ ಉದುರತೊಡಗಿದರೆ, ಕಾಫಿ ಎಲೆಯ ಅಡಿಯಲ್ಲಿ ತುಕ್ಕಿನ ಪುಡಿ ಕಂಡರೆ, ನಮ್ಮಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ರೋಗದ ಎಲೆಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತೇವೆ, ಬಲ್ಲವರನ್ನು ಹುಡುಕಿಕೊಂಡು ಹೋಗಿ ಕೇಳುತ್ತೇವೆ. ಹಾಗೆ ಕೇಳುವುದರಲ್ಲಿ ನಮಗೆ ಸಂಕೋಚವಿಲ್ಲ. ಆದರೆ ಮನೆಯ ಮಗನೋ ಮಗಳೋ ಓದು ಮುಗಿಸಿ ‘ಮುಂದೇನು?’ ಎಂದು ನಿಂತಾಗ ಅದೇ ನಾವು ಮೂಕರಾಗುತ್ತೇವೆ. ಯಾರನ್ನು ಕೇಳುವುದು, ಏನೆಂದು ಕೇಳುವುದು, ಕೇಳಿದರೆ ಅವರು ಏನೆಂದುಕೊಂಡಾರು ಎಂಬ ಅಳುಕು. ತೋಟದಲ್ಲಿ ಒಂದು ವರ್ಷದ ಫಸಲು ಹೋದರೆ ಮರುವರ್ಷ ಬಂದೀತು. ಇಪ್ಪತ್ತೆರಡರ ಪ್ರಾಯದವರು ಗೊತ್ತುಗುರಿಯಿಲ್ಲದೆ ಕಳೆದ ಮೂರು ನಾಲ್ಕು ವರ್ಷ ಮರಳಿ ಬರುವುದಿಲ್ಲ.

ಈ ಸಂಚಿಕೆಯ ಪಾಠಕ್ಕೆ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಯ ಕಡೆ ಕೊಳವೆಬಾವಿಯನ್ನು ನಂಬಿ ಎರಡೆಕರೆ ಅಡಿಕೆ ಇಟ್ಟಿರುವ ಬೆಳೆಗಾರರೊಬ್ಬರು ನಮ್ಮ ಕಚೇರಿಗೆ ಕಾಗದ ಬರೆದಿದ್ದಾರೆ. ಅವರ ಮಗಳು ತೋಟಗಾರಿಕೆ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಮುಂದೆ ಎಂ.ಎಸ್ಸಿ. ಓದಬೇಕೆ, ಬ್ಯಾಂಕಿನ ಪರೀಕ್ಷೆಗೆ ಕೂರಬೇಕೆ, ಊರಿಗೆ ಬಂದು ನರ್ಸರಿ ಮಾಡಬೇಕೆ ಎಂಬುದನ್ನು ಹೇಳಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ‘ದೊಡ್ಡವರು ಯಾರಾದರೂ ನಿಮಗೆ ಗೊತ್ತಿದ್ದರೆ ಒಂದು ಮಾತು ಹೇಳಿಸಿ’ ಎಂದು ಕಾಗದವನ್ನು ಮುಗಿಸಿದ್ದಾರೆ.

ಅವರ ಆತಂಕ ನಿಜವಾದದ್ದು. ಆದರೆ ಆ ಕೊನೆಯ ಸಾಲಿನಲ್ಲೇ ನಮ್ಮೆಲ್ಲರ ತೊಡಕೂ ಇದೆ. ಆದ್ದರಿಂದ ಅದನ್ನೇ ಮೊದಲು ಬಿಡಿಸೋಣ.

ವಶೀಲಿ ಬೇರೆ, ಮಾರ್ಗದರ್ಶನ ಬೇರೆ

‘ಒಂದು ಮಾತು ಹೇಳಿಸಿ’ ಎಂದರೆ ವಶೀಲಿ. ‘ಒಂದು ಮಾತು ಹೇಳಿ’ ಎಂದರೆ ಮಾರ್ಗದರ್ಶನ. ಇವೆರಡರ ನಡುವಿನ ಅಂತರ ಬಹಳ ದೊಡ್ಡದು. ವಶೀಲಿ ಕೇಳುವವನು ಹಿರಿಯರ ಕುರ್ಚಿಯನ್ನು ಕೇಳುತ್ತಾನೆ. ದಾರಿ ಕೇಳುವವನು ಅವರ ಅನುಭವವನ್ನು ಕೇಳುತ್ತಾನೆ. ಕುರ್ಚಿ ಇರುವವರೆಗೆ ವಶೀಲಿ ನಡೆದೀತು. ಆ ಕುರ್ಚಿಯಿಂದ ಅವರು ಎದ್ದ ದಿನ ಅದರ ಬೆಲೆಯೂ ಹೋಯಿತು. ಪಡೆದ ತಿಳಿವಳಿಕೆ ಹಾಗಲ್ಲ, ಕೊಟ್ಟವರು ನಿವೃತ್ತರಾದರೂ ಪಡೆದವನ ಬಳಿ ಉಳಿದಿರುತ್ತದೆ.

ಇನ್ನೊಂದು ವ್ಯತ್ಯಾಸವೂ ಉಂಟು. ವಶೀಲಿ ಕೇಳಿ ಬಂದವರನ್ನು ಕಂಡರೆ ಸತ್ಯವಂತ ಅಧಿಕಾರಿಗಳಿಗೂ ಅಧ್ಯಾಪಕರಿಗೂ ಮುಜುಗರ. ಅವರು ‘ನೋಡೋಣ’ ಎನ್ನುತ್ತಾರೆ, ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ. ಅದೇ ವ್ಯಕ್ತಿಗೆ, ‘ನಾನು ಇಷ್ಟು ಮಾಡಿದ್ದೇನೆ, ಇಲ್ಲಿ ನಿಂತುಹೋಗಿದ್ದೇನೆ, ನೀವು ನನ್ನ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ನೋಡಿ. ಬಹುಮಂದಿ ಹಿರಿಯರು ಕೈಯಲ್ಲಿರುವ ಕೆಲಸ ಬದಿಗಿಟ್ಟು ಮಾತಿಗೆ ಕೂರುತ್ತಾರೆ. ತಾವು ನಡೆದ ದಾರಿಯನ್ನು ಕಿರಿಯರಿಗೆ ಹೇಳುವುದು ಹಿರಿಯರಿಗೆ ಹೊರೆಯಲ್ಲ, ಅದೊಂದು ಸಂತೋಷ.

‘ಹಿಂದೆ ಗುರುವಿರಬೇಕು, ಮುಂದೆ ಗುರಿಯಿರಬೇಕು’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಗುರು ಹಿಂದೆ ಇರಬೇಕೆಂದರೆ ಹಿಂದಿನಿಂದ ದೂಡಬೇಕೆಂದು ಅರ್ಥವಲ್ಲ. ನಡೆಯುವವನು ಶಿಷ್ಯನೇ. ತಪ್ಪಿದ ಕಡೆ ‘ಅಲ್ಲಿ ಅಲ್ಲ, ಇಲ್ಲಿ’ ಎನ್ನುವ ದನಿ ಹಿಂದಿನಿಂದ ಕೇಳಿಸುತ್ತಿರಬೇಕು, ಅಷ್ಟೇ.

ತಳುಕಿನ ಗುರು, ಕುಪ್ಪಳಿಯ ಶಿಷ್ಯ

ಪ್ರಶ್ನೆ ಬಂದ ಊರಿನ ದಾರಿಯಲ್ಲೇ ಅದಕ್ಕೆ ತಕ್ಕ ನಿದರ್ಶನವೂ ಇದೆ. ಚಳ್ಳಕೆರೆಯಿಂದ ಬಳ್ಳಾರಿಯ ರಸ್ತೆ ಹಿಡಿದರೆ ಬಿ.ಜಿ. ಕೆರೆ ಸಿಗುವ ಮೊದಲು ತಳುಕು ಎಂಬ ಊರು ಬರುತ್ತದೆ. ಶೇಂಗಾ ಬೆಳೆಯುವ, ಮಳೆ ಕಡಿಮೆ ಬೀಳುವ ಒಣಸೀಮೆ ಅದು. ಆ ಊರಿನಲ್ಲಿ 1885ರಲ್ಲಿ ಹುಟ್ಟಿದವರು ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯನವರು, ಕನ್ನಡಿಗರೆಲ್ಲ ಬಲ್ಲ ಟಿ.ಎಸ್. ವೆಂಕಣ್ಣಯ್ಯ. ಮುಂದೆ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಕಾದಂಬರಿಕಾರ ತ.ರಾ. ಸುಬ್ಬರಾಯರೂ ಇದೇ ಮನೆತನದವರು.

ಇನ್ನು ಶಿಷ್ಯನ ಕಡೆ ನೋಡೋಣ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಹುಡುಗ, ಪುಟ್ಟಪ್ಪ. ನಮ್ಮ ಹಾಗೆಯೇ ಗದ್ದೆ, ಅಡಿಕೆ ತೋಟ, ಕಾಡು ಇವುಗಳ ನಡುವಿನ ಮನೆ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಓದಲೆಂದು ಮೈಸೂರಿಗೆ ಹೋದಾಗ ಆ ಊರಿನಲ್ಲಿ ದಾರಿ ತೋರಿಸುವ ನೆಂಟರಿಷ್ಟರ ಬಲವೇನೂ ದೊಡ್ಡದಿರಲಿಲ್ಲ. ಆದರೆ ಹುಡುಗ ಒಂದು ಕೆಲಸ ಮಾಡಿದ್ದ: ಬರೆದಿದ್ದ. ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಕವನಸಂಗ್ರಹವನ್ನೂ ಅಚ್ಚು ಹಾಕಿಸಿದ್ದ.

1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಅವರನ್ನು ಕಾಣಲು ಹೋದ. ಮನಸ್ಸಿನಲ್ಲಿ ಮೆಚ್ಚುಗೆಯ ನಿರೀಕ್ಷೆ. ಕಸಿನ್ಸ್ ಅವನ್ನು ನೋಡಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿದರು. ಹೊಸ ಬಗೆಯ ಕವಿತೆಗೆ ಕನ್ನಡದ ಛಂದಸ್ಸು ಒಗ್ಗದು ಎಂದು ಹುಡುಗ ವಾದಿಸಿದ. ರವೀಂದ್ರನಾಥ ಠಾಕೂರರು ಬಂಗಾಳಿಯಲ್ಲಿ ಸಾಧಿಸಿರುವುದನ್ನು ಕಸಿನ್ಸ್ ನೆನಪಿಸಿದರು. ಹುಡುಗನಿಗೆ ನಿರಾಶೆಯಾಯಿತು. ಆದರೂ ಕೇಳಿದ ಮಾತನ್ನು ತಳ್ಳಿಹಾಕದೆ ಪ್ರಯೋಗ ಮಾಡಿ ನೋಡಿದ. ಅಲ್ಲಿಂದ ಮುಂದಿನದು ಕನ್ನಡ ನಾಡಿಗೆಲ್ಲ ಗೊತ್ತಿರುವ ಸಂಗತಿ.

ಈ ಒಂದು ಭೇಟಿಯಲ್ಲಿ ಮೂರು ಪಾಠಗಳಿವೆ. ಹುಡುಗ ಬರಿಗೈಯಲ್ಲಿ ಹೋಗಲಿಲ್ಲ, ತಾನು ಮಾಡಿದ ಕೆಲಸವನ್ನು ಹಿಡಿದು ಹೋದ. ತನಗೆ ಪರಿಚಯವೇ ಇಲ್ಲದವರ ಬಳಿಗೆ ಹೋದ. ಸಿಕ್ಕಿದ ಉತ್ತರ ತನಗೆ ಬೇಕಾದದ್ದಲ್ಲದಿದ್ದರೂ ಅದನ್ನು ಪರೀಕ್ಷಿಸಿ ನೋಡಿದ. ಕಸಿನ್ಸ್ ಮತ್ತೆ ಮತ್ತೆ ಅವನಿಗೆ ಪಾಠ ಹೇಳಲಿಲ್ಲ. ಒಂದು ಸಲದ ಮಾತು ಸಾಕಾಯಿತು.

ಅನಂತರದ ವರ್ಷಗಳಲ್ಲಿ ನಿತ್ಯವೂ ಜೊತೆಗೆ ನಿಂತವರು ತಳುಕಿನ ವೆಂಕಣ್ಣಯ್ಯನವರು. ಪುಟ್ಟಪ್ಪನವರು ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಎಂ.ಎ. 1927ರಲ್ಲಿ ಆಗಷ್ಟೇ ಆರಂಭವಾಗುತ್ತಿತ್ತು. ಆ ಪದವಿ ಪಡೆದವರು ಮುಂದೆ ಏನಾಗುತ್ತಾರೆ ಎಂಬುದಕ್ಕೆ ಹಿಂದಿನ ನಿದರ್ಶನವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕನ್ನಡವನ್ನೇ ತೆಗೆದುಕೊಳ್ಳುವಂತೆ ಹೇಳಿದವರು ವೆಂಕಣ್ಣಯ್ಯನವರು. ಶಿಷ್ಯ ಒಪ್ಪಿದ. 1929ರಲ್ಲಿ ಎಂ.ಎ. ಮುಗಿಸಿ ಮೈಸೂರಿನ ಮಹಾರಾಜ ಕಾಲೇಜಿನಲ್ಲೇ ಅಧ್ಯಾಪಕನಾದ. 1956ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಯೂ ಆದರು, ಕುವೆಂಪು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ವೆಂಕಣ್ಣಯ್ಯನವರು ಪುಟ್ಟಪ್ಪನವರ ನೆಂಟರಲ್ಲ, ಊರವರಲ್ಲ, ಜಾತಿಯವರೂ ಅಲ್ಲ. ಒಬ್ಬರು ಬಯಲುಸೀಮೆಯ ಒಣನೆಲದವರು, ಇನ್ನೊಬ್ಬರು ಮಲೆನಾಡಿನ ಮಳೆಯಲ್ಲಿ ಬೆಳೆದವರು. ಇಬ್ಬರನ್ನೂ ಕೂಡಿಸಿದ್ದು ಕೆಲಸ. ಶಿಷ್ಯ ಬರೆಯುತ್ತಲೇ ಇದ್ದ, ಗುರು ಕೇಳುತ್ತಲೇ ಇದ್ದರು. 1939ರಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಹತ್ತು ವರ್ಷಗಳ ಅನಂತರ, 1949ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಮೊದಲ ಬಾರಿಗೆ ಅಚ್ಚಾಗಿ ಬಂದಾಗ ಕುವೆಂಪು ಅದನ್ನು ಅರ್ಪಿಸಿದ್ದು ಅವರಿಗೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದ ಕೃತಿಯ ಮೊದಲ ಪುಟಗಳಲ್ಲಿ ತಳುಕಿನ ಮೇಷ್ಟರು ನಿಂತಿದ್ದಾರೆ. ವಶೀಲಿಗೆ ಎಂದಾದರೂ ಇಂಥ ಋಣಸಂದಾಯ ನಡೆದದ್ದುಂಟೆ?

ಬ್ರಹ್ಮಗಿರಿಯ ಕಲ್ಲು

ಆ ಸೀಮೆಯಲ್ಲಿ ಈ ಮಾತು ಇನ್ನೂ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕ ಚಕ್ರವರ್ತಿಯ ಬಂಡೆಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹ, ಭಾಷೆ ಪ್ರಾಕೃತ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ಆಡಬೇಕು ಎಂಬ ಉಪದೇಶದ ಜೊತೆಯಲ್ಲೇ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತೂ ಅಲ್ಲಿದೆ. ಕಲ್ಲಿನ ಮೇಲೆ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಬಿಟ್ಟುಹೋಗಿದ್ದಾನೆ.

ಶಿಷ್ಯನಿಗೆ ಆ ಶಾಸನದಲ್ಲಿ ಬಳಸಿರುವ ಪದ ‘ಅಂತೇವಾಸಿ’. ಅಂದರೆ ಹತ್ತಿರದಲ್ಲಿ ವಾಸಿಸುವವನು. ಒಮ್ಮೆ ಬಂದು ಕೈಮುಗಿದು ಹೋಗುವವನಲ್ಲ, ಬಳಿಯಲ್ಲಿದ್ದು ಕಲಿಯುವವನು. ಇಂದು ಗುರುಗಳ ಮನೆಯಲ್ಲಿ ಉಳಿದು ಕಲಿಯುವ ಪದ್ಧತಿ ಇಲ್ಲ. ಆದರೆ ವರ್ಷಕ್ಕೆ ಮೂರು ನಾಲ್ಕು ಸಲ ತನ್ನ ಕೆಲಸದ ವರದಿ ಹಿಡಿದು ಹೋಗುವವನು, ಕಾಗದ ಬರೆಯುವವನು ಇಂದಿನ ಅಂತೇವಾಸಿ ಎನ್ನಬಹುದು.

ನಮ್ಮ ಕಸುಬಿನಲ್ಲೇ ಕಂಡದ್ದು

ಸಾಹಿತಿಗಳ ಮಾತು ಸಾಹಿತಿಗಳಿಗೆ, ನಮಗೇನು ಎಂದು ಕೆಲವರು ಕೇಳಬಹುದು. ನಮ್ಮ ಕಸುಬನ್ನೇ ನೋಡಿ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಕೆಲಸಕ್ಕೆ ಬಂದರು. ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗ ಹಣ್ಣುಮಾಡಿತ್ತು. ಕೊನೆಗೆ ಕೊಟ್ಟೆ ಕಟ್ಟುವುದೊಂದೇ ನಮ್ಮ ಹಿರಿಯರು ಬಲ್ಲ ಉಪಾಯ. ಕೋಲ್ಮನ್ ಅವರು ರೋಗ ಹಿಡಿದ ಕಾಯಿಯನ್ನು ಪರೀಕ್ಷಿಸಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಹೆಬ್ಬಾಳದ ಕೃಷಿ ಶಾಲೆಗೂ, ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರಕ್ಕೂ ಅವರ ಕಾಲದಲ್ಲೇ ಬುನಾದಿ ಬಿತ್ತು. ಇಂದಿಗೂ ಮುಂಗಾರು ಬಂತೆಂದರೆ ನಾವು ದೋಟಿ ಹಿಡಿಯುವುದು ಅವರು ತೋರಿದ ದಾರಿಯಲ್ಲೇ.

ಇದರಲ್ಲಿ ನಮಗೆ ಬೇಕಾದ ಅಂಶ ಒಂದೇ. ರೋಗದ ಕಾಯಿ ನೋಡದೆ ಯಾವ ವಿಜ್ಞಾನಿಯೂ ಔಷಧ ಹೇಳಲಾರ. ‘ತೋಟ ಚೆನ್ನಾಗಿಲ್ಲ’ ಎಂದರೆ ಅವರೇನು ಹೇಳಿಯಾರು? ಹಾಗೆಯೇ ‘ನನ್ನ ಮುಂದಿನ ಜೀವನಕ್ಕೆ ದಾರಿ ತೋರಿಸಿ’ ಎಂದರೂ ಯಾರೂ ಏನೂ ಹೇಳಲಾರರು. ಎಲೆ ಹಿಡಿದು ಹೋಗಬೇಕು, ಮಣ್ಣಿನ ಮಾದರಿ ಹಿಡಿದು ಹೋಗಬೇಕು. ಓದಿನ ವಿಷಯದಲ್ಲಿ ಆ ಮಾದರಿ ಎಂದರೆ ನೀವು ಮಾಡಿದ ಕೆಲಸ.

ಲಾಲ್‌ಬಾಗಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರ ಕೈಕೆಳಗೆ ಪಳಗಿದವರು ಎಚ್.ಸಿ. ಜವರಾಯ. ಅವರ ಕಾಲದಲ್ಲಿ ಕೆಲಸ ಕಲಿತು ಮುಂದೆ ತೋಟಗಾರಿಕೆ ಇಲಾಖೆಯನ್ನು ನಾಡಿನ ಉದ್ದಗಲಕ್ಕೆ ಬೆಳೆಸಿದವರು ಡಾ. ಎಂ.ಎಚ್. ಮರಿಗೌಡ. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಸಿದಂತೆ ಮೂರು ತಲೆಮಾರು ನಡೆಯಿತು.

ಯಾರನ್ನು ಕೇಳಬೇಕು?

ದೊಡ್ಡ ಹೆಸರಿನವರನ್ನೇ ಹುಡುಕಬೇಕಾಗಿಲ್ಲ. ನಮ್ಮ ಅನುಭವದಲ್ಲಿ ಮೂರು ಬಗೆಯ ಹಿರಿಯರು ಬೇಕಾಗುತ್ತಾರೆ.

ಮೊದಲನೆಯವರು, ನಿಮಗಿಂತ ಐದಾರು ವರ್ಷ ಮುಂದೆ ಇರುವವರು. ಅದೇ ಕಾಲೇಜಿನಲ್ಲಿ ಓದಿ ಈಗ ಕೆಲಸದಲ್ಲಿರುವ ಅಕ್ಕನೋ ಅಣ್ಣನೋ ಸಾಕು. ಅರ್ಜಿ ಯಾವಾಗ ಹಾಕಬೇಕು, ಪರೀಕ್ಷೆಗೆ ಹೇಗೆ ಓದಬೇಕು ಎಂಬುದು ಇವರಿಗೆ ಹಸಿಯಾಗಿ ನೆನಪಿರುತ್ತದೆ.

ಎರಡನೆಯವರು, ಆ ವಿಷಯದಲ್ಲೇ ತಲೆ ನರೆಸಿಕೊಂಡವರು. ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ತೋಟಗಾರಿಕೆ ಕಾಲೇಜೂ ಇವೆ. ಅಡಿಕೆಯ ಸಂಶೋಧನೆಗೆ ವಿಟ್ಲ ಮತ್ತು ಕಾಸರಗೋಡು, ಕಾಫಿಗೆ ಬಾಳೆಹೊನ್ನೂರು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಅಧ್ಯಾಪಕರಿಗೆ ತರಬೇತಿ ನಡೆಯುತ್ತದೆ. ವಿಜ್ಞಾನ ಓದುವ ಮಕ್ಕಳು ತಮ್ಮ ಮೇಷ್ಟರು ಅಲ್ಲಿ ತರಬೇತಿ ಪಡೆದಿದ್ದಾರೆಯೇ ಎಂದು ವಿಚಾರಿಸಬಹುದು. ಪರಿಚಯದ ಮೊದಲ ಮೆಟ್ಟಿಲು ಬಹಳ ಸಲ ನಮ್ಮ ಶಾಲೆಯಲ್ಲೇ ಇರುತ್ತದೆ.

ಮೂರನೆಯವರು, ನಿಮ್ಮನ್ನು ಚಿಕ್ಕಂದಿನಿಂದ ಬಲ್ಲವರು. ಇವರಿಗೆ ವಿಷಯ ಗೊತ್ತಿರದಿರಬಹುದು, ನಿಮ್ಮ ಸ್ವಭಾವ ಗೊತ್ತಿರುತ್ತದೆ. ‘ನಿನಗೆ ಕಚೇರಿಯ ಕೆಲಸ ಒಗ್ಗುವುದಿಲ್ಲ ಮಗಾ’ ಎಂದು ಮುಖಕ್ಕೆ ಹೇಳಬಲ್ಲವರು ಇವರು ಮಾತ್ರ.

ಕೇಳುವ ಮೊದಲು

1. ಮಾಡಿದ ಒಂದು ಕೆಲಸ ಕೈಯಲ್ಲಿರಲಿ. ಅದು ಚಿಕ್ಕದಾದರೂ ಚಿಂತೆಯಿಲ್ಲ. ಒಂದು ಬೇಸಿಗೆ ಮನೆಯ ತೋಟದ ನೀರಿನ ಲೆಕ್ಕ ಬರೆದಿಟ್ಟದ್ದಾದರೂ ಆದೀತು.

2. ಅವರ ಬಗ್ಗೆ ತಿಳಿದುಕೊಳ್ಳಿ. ಅವರು ಏನು ಬರೆದಿದ್ದಾರೆ, ಯಾವ ವಿಷಯದಲ್ಲಿ ದುಡಿದಿದ್ದಾರೆ ಎಂಬುದನ್ನು ಅರಿಯದೆ ಹೋಗುವುದು ಅವರಿಗೆ ತೋರುವ ಅಗೌರವ.

3. ಪ್ರಶ್ನೆ ಒಂದೇ ಇರಲಿ. ಪುಸ್ತಕದಲ್ಲಿ, ಪ್ರಕಟಣೆಯಲ್ಲಿ ಉತ್ತರ ಸಿಗುವ ಪ್ರಶ್ನೆಯನ್ನು ಅವರಿಗೆ ಕೇಳಬೇಡಿ. ಅನುಭವದಿಂದ ಮಾತ್ರ ಉತ್ತರಿಸಬಹುದಾದದ್ದನ್ನು ಕೇಳಿ.

4. ಮನೆಯ ನಿಜಸ್ಥಿತಿಯನ್ನು ಮುಚ್ಚಿಡಬೇಡಿ. ಸಾಲ ಎಷ್ಟಿದೆ, ಎಷ್ಟು ವರ್ಷ ಓದಿಸಲು ಸಾಧ್ಯ ಎಂಬುದು ಗೊತ್ತಿಲ್ಲದೆ ಕೊಟ್ಟ ಸಲಹೆ ಹೊಲದ ಅಳತೆ ತಿಳಿಯದೆ ಹೇಳಿದ ಗೊಬ್ಬರದ ಲೆಕ್ಕದಂತೆ.

ಕಾಗದ ಬರೆಯುವ ಬಗೆ

ಕಾಗದ ಒಂದು ಪುಟ ಮೀರಬಾರದು. ಈಗ ಇ-ಮೇಲ್, ವಾಟ್ಸಾಪ್ ಬಂದಿವೆ. ಸಾಧನ ಯಾವುದಾದರೂ ಮರ್ಯಾದೆ ಒಂದೇ. ಮೊದಲ ಸಲವೇ ಫೋನು ಮಾಡಿ ‘ಸಾರ್, ಫ್ರೀ ಇದ್ದೀರಾ?’ ಎನ್ನುವುದಕ್ಕಿಂತ ನಾಲ್ಕು ಸಾಲು ಬರೆದು ಅವರ ಅನುಕೂಲದ ಹೊತ್ತು ಕೇಳುವುದು ಲೇಸು. ಒಂದು ಮಾದರಿಯನ್ನು ಇಲ್ಲಿ ಕೊಟ್ಟಿದ್ದೇವೆ:

‘ಮಾನ್ಯರೇ, ವಂದನೆಗಳು. ನಾನು ತೋಟಗಾರಿಕೆ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ನಮ್ಮ ತಂದೆಯವರು ಕೊಳವೆಬಾವಿಯ ನೀರಿನಲ್ಲಿ ಎರಡೆಕರೆ ಅಡಿಕೆ ಬೆಳೆಯುತ್ತಿದ್ದಾರೆ. ಕಳೆದ ಸಂಕ್ರಾಂತಿಯಿಂದ ಮಳೆ ಹಿಡಿಯುವವರೆಗೆ, ಬುಡಕ್ಕೆ ಸೋಗೆ ಹೊದಿಸಿದ ಐವತ್ತು ಮರ ಮತ್ತು ಹೊದಿಸದ ಐವತ್ತು ಮರಗಳಿಗೆ ಕೊಟ್ಟ ನೀರನ್ನೂ ಉದುರಿದ ಎಳೆಗಾಯಿಯನ್ನೂ ವಾರಕ್ಕೊಮ್ಮೆ ಬರೆದಿಟ್ಟಿದ್ದೇನೆ. ಆ ಲೆಕ್ಕದ ಎರಡು ಪುಟಗಳು ಇದರೊಂದಿಗಿವೆ. ಒಣಪ್ರದೇಶದ ತೋಟಗಳ ನೀರಿನ ವಿಷಯದಲ್ಲಿ ಎಂ.ಎಸ್ಸಿ. ಮಾಡುವ ಆಸೆಯಿದೆ. ಮನೆಯಲ್ಲಿ ಇನ್ನೆರಡು ವರ್ಷ ಓದಿಸಲು ಒಪ್ಪಿದ್ದಾರೆ. ಈ ಲೆಕ್ಕವನ್ನು ನೋಡಿದರೆ ತಮಗೆ ಕಾಣುವ ಮುಖ್ಯ ಕೊರತೆ ಯಾವುದು, ಮುಂದಿನ ಆರು ತಿಂಗಳಲ್ಲಿ ನಾನು ಮೊದಲು ಕಲಿಯಬೇಕಾದದ್ದು ಯಾವುದು ಎಂದು ತಿಳಿಸಬೇಕಾಗಿ ಕೋರುತ್ತೇನೆ. ತಮಗೆ ಅನು‍ಕೂಲವಾದ ದಿನ ಹದಿನೈದು ನಿಮಿಷ ಬಿಡುವು ಕೊಟ್ಟರೆ ತಂದೆಯವರೊಂದಿಗೆ ಕಚೇರಿಗೆ ಬಂದು ಕಾಣುತ್ತೇನೆ. ಇಂತಿ ವಿಶ್ವಾಸದ...’

ಇದರಲ್ಲಿ ಹೊಗಳಿಕೆ ಇಲ್ಲ, ಗೋಳು ಇಲ್ಲ, ‘ಕೆಲಸ ಕೊಡಿಸಿ’ ಎಂಬ ಮಾತಿಲ್ಲ. ತಾನು ಯಾರು, ಏನು ಮಾಡಿದ್ದೇನೆ, ಏನು ಬೇಕು, ಎಷ್ಟು ಹೊತ್ತು ಬೇಕು ಎಂಬ ನಾಲ್ಕೇ ಸಂಗತಿಗಳಿವೆ. ಓದುವವರಿಗೆ ಐದು ನಿಮಿಷದ ಕೆಲಸ. ಇಂಗ್ಲಿಷು ಸರಾಗವಾಗಿ ಬಾರದಿದ್ದರೆ ಕನ್ನಡದಲ್ಲೇ ಬರೆಯಿರಿ. ತಪ್ಪು ಇಂಗ್ಲಿಷಿನ ಎರಡು ಪುಟಕ್ಕಿಂತ ನೇರವಾದ ಕನ್ನಡದ ಹತ್ತು ಸಾಲು ಮೇಲು.

ಉತ್ತರ ಬಾರದಿದ್ದರೆ, ಬಂದರೆ

ಬರೆದ ಕಾಗದಕ್ಕೆಲ್ಲ ಉತ್ತರ ಬರುವುದಿಲ್ಲ. ಮೂರು ವಾರ ಬಿಟ್ಟು ಒಂದು ಸಲ ವಿನಯದಿಂದ ನೆನಪಿಸಬಹುದು. ಆಮೇಲೂ ಬಾರದಿದ್ದರೆ ಬೇರೆಯವರಿಗೆ ಬರೆಯಿರಿ. ಅದನ್ನು ಅವಮಾನವೆಂದು ತಿಳಿಯಬೇಡಿ. ಬಿತ್ತಿದ ಗೋಟೆಲ್ಲ ಸಸಿಯಾಗುವುದಿಲ್ಲವೆಂದು ನಾವು ಮಡಿ ಮಾಡುವುದನ್ನು ಬಿಟ್ಟಿದ್ದೇವೆಯೆ?

ಉತ್ತರ ಬಂದರೆ, ಅದು ಹಿಡಿಸಲಿ ಬಿಡಲಿ, ಮೊದಲು ಕೃತಜ್ಞತೆ ತಿಳಿಸಿ. ಅನಂತರ ಅವರು ಹೇಳಿದ್ದನ್ನು ಮಾಡಿ ನೋಡಿ. ಒಂದೆರಡು ತಿಂಗಳಾದ ಮೇಲೆ ಏನಾಯಿತೆಂದು ಬರೆಯಿರಿ. ನಮ್ಮ ಮಕ್ಕಳು ಸಾಮಾನ್ಯವಾಗಿ ಇಲ್ಲೇ ಎಡವುವುದು. ಸಲಹೆ ಪಡೆದು ಸುಮ್ಮನಾಗುತ್ತಾರೆ. ಮತ್ತೆ ನೆನಪಾಗುವುದು ಇನ್ನೊಂದು ತೊಂದರೆ ಬಂದಾಗ. ಹೇಳಿದ್ದನ್ನು ಮಾಡಿ, ಫಲಿತಾಂಶ ತಿಳಿಸಿದವರನ್ನು ಯಾವ ಹಿರಿಯರೂ ಮರೆಯುವುದಿಲ್ಲ. ಒಂದು ಭೇಟಿ ಗುರುಶಿಷ್ಯ ಸಂಬಂಧವಾಗುವುದು ಈ ಎರಡನೆಯ ಕಾಗದದಿಂದಲೇ.

ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕೆಂದಿಲ್ಲ. ಅವರ ಕಾಲ ಬೇರೆ, ನಿಮ್ಮ ಕಾಲ ಬೇರೆ. ಮಾಡಿ ನೋಡಿ, ಆಗದಿದ್ದರೆ ಏಕೆ ಆಗಲಿಲ್ಲವೆಂದು ಹೇಳಿ. ನಿಜವಾದ ಹಿರಿಯರು ಅದನ್ನು ಎದುರುತ್ತರವೆಂದು ತಿಳಿಯುವುದಿಲ್ಲ.

ಕೆಲವು ಎಚ್ಚರಿಕೆಗಳು

ದಾರಿ ತೋರಿಸುತ್ತೇನೆಂದು ಹಣ ಕೇಳುವವರು, ಮೂಲ ಅಂಕಪಟ್ಟಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತೇನೆನ್ನುವವರು, ಕೆಲಸದ ಆದೇಶ ತಂದುಕೊಡುತ್ತೇನೆಂದು ಮುಂಗಡ ಕೇಳುವವರು ಮಾರ್ಗದರ್ಶಕರಲ್ಲ, ದಲ್ಲಾಳಿಗಳು. ತೋಟ ಅಡವಿಟ್ಟು ಇಂಥವರ ಕೈಗೆ ಹಣ ಕೊಟ್ಟ ಮನೆಗಳ ಕಥೆ ಎಲ್ಲ ತಾಲ್ಲೂಕಿನಲ್ಲೂ ಇದೆ. ಹೆಣ್ಣುಮಕ್ಕಳಿಗೆ ಒಂದು ಮಾತು: ಮೊದಲ ಭೇಟಿ ಕಚೇರಿಯಲ್ಲಿ, ಹಗಲು ಹೊತ್ತಿನಲ್ಲಿ, ಮನೆಯವರೋ ಗೆಳತಿಯೋ ಜೊತೆಗಿರುವಾಗ ಆಗಲಿ. ಇದರಿಂದ ಬೇಸರಪಟ್ಟುಕೊಳ್ಳುವವರು ಗುರುಗಳಾಗಲು ತಕ್ಕವರಲ್ಲ.

ಹೆತ್ತವರಿಗೆ, ಹಿರಿಯ ಬೆಳೆಗಾರರಿಗೆ

ಮಕ್ಕಳ ಪರವಾಗಿ ನಾವೇ ಹೋಗಿ ಕೇಳುವುದು ಪ್ರೀತಿಯಿಂದಲೇ. ಆದರೆ ಹಾಗೆ ಮಾಡಿದರೆ ಪರಿಚಯವಾಗುವುದು ನಮಗೆ, ಮಕ್ಕಳಿಗಲ್ಲ. ಜೊತೆಗೆ ಹೋಗಿ, ನಮಸ್ಕರಿಸಿ, ಆಮೇಲೆ ಸುಮ್ಮನೆ ಕುಳಿತಿರಿ. ಪ್ರಶ್ನೆಯನ್ನು ಮಗಳೇ ಕೇಳಲಿ, ಉತ್ತರವನ್ನು ಅವಳೇ ಬರೆದುಕೊಳ್ಳಲಿ. ಉತ್ತರ ನಮ್ಮ ಇಷ್ಟಕ್ಕೆ ವಿರೋಧವಾಗಿದ್ದರೆ ದಾರಿಯಲ್ಲೇ ಜಗಳ ತೆಗೆಯದೆ ಒಂದು ವಾರ ಯೋಚಿಸೋಣ.

ಅನುಭವಸ್ಥ ಬೆಳೆಗಾರರಿಗೂ ಒಂದು ಬಿನ್ನಹ. ಓದಿ ಊರಿಗೆ ಬಂದು ತೋಟ ಮಾಡುತ್ತೇನೆನ್ನುವ ಹುಡುಗರು ನಿಮ್ಮ ಜಗಲಿಗೆ ಬಂದಾಗ ‘ಓದಿದವನಿಗೆ ಇದೆಲ್ಲ ಏಕೆ?’ ಎಂದು ನಗಬೇಡಿ. ಕೊಳವೆಬಾವಿ ಬತ್ತಿದ ವರ್ಷ ಮರಗಳನ್ನು ಹೇಗೆ ಉಳಿಸಿಕೊಂಡಿರಿ, ಧಾರಣೆ ಕುಸಿದಾಗ ಸಾಲ ಹೇಗೆ ತೀರಿಸಿದಿರಿ ಎಂಬುದು ಯಾವ ಕಾಲೇಜಿನ ಪುಸ್ತಕದಲ್ಲೂ ಇಲ್ಲ. ಅದನ್ನು ಹೇಳಬಲ್ಲವರು ನೀವೇ. ನಮ್ಮ ಸಂಘದ ಕಚೇರಿಯಲ್ಲಿ ಇದಕ್ಕಾಗಿ ಒಂದು ದಾಖಲೆ ಪುಸ್ತಕ ತೆರೆದಿದ್ದೇವೆ. ತಿಂಗಳಿಗೊಮ್ಮೆ ಒಬ್ಬ ಕಿರಿಯರಿಗೆ ಒಂದು ಗಂಟೆ ಕೊಡಬಲ್ಲ ಸದಸ್ಯರು ತಮ್ಮ ಹೆಸರನ್ನೂ ತಾವು ಬಲ್ಲ ವಿಷಯವನ್ನೂ ಅದರಲ್ಲಿ ಬರೆಸಬೇಕು. ಕೇಳಬಯಸುವ ಮಕ್ಕಳು ಬಂದು ನೋಡಬಹುದು.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ಪದವಿಯ ಕೊನೆಯ ವರ್ಷದಲ್ಲಿರುವ ಮಕ್ಕಳು ಮುಂದಿನ ಸಂಚಿಕೆ ಬರುವುದರೊಳಗೆ ಮೂರು ಕೆಲಸ ಮಾಡಲಿ.

ಒಂದು: ಮೇಲೆ ಹೇಳಿದ ಮೂರು ಬಗೆಯ ಹಿರಿಯರಲ್ಲಿ ತಲಾ ಒಬ್ಬರ ಹೆಸರು ಗುರುತಿಸುವುದು.

ಎರಡು: ತಾನು ಮಾಡಿದ ಒಂದು ಕೆಲಸವನ್ನು ಎರಡು ಪುಟಕ್ಕೆ ಇಳಿಸುವುದು.

ಮೂರು: ಅವರಲ್ಲಿ ಒಬ್ಬರಿಗೆ ಒಂದು ಪುಟದ ಕಾಗದ ಬರೆದು ಅಂಚೆಗೆ ಹಾಕುವುದು.

ಕಾಗದದ ಕರಡನ್ನು ತಂದುಕೊಟ್ಟರೆ ಓದಿ ತಿದ್ದಿಕೊಡುತ್ತೇವೆ. ಕಾಗದ ಬರೆಯಬೇಕಾದವರು ಮಾತ್ರ ಅವರೇ.